ರಿಮೋಟ್ ಐಎಸ್‌ಒ ಸರ್ವರ್‌ಗೆ ಮೌಂಟ್ ಆಗದಿದ್ದಾಗ ಎಲ್ಲಿಂದ ಹುಡುಕಬೇಕು

ಇನ್‌ಸ್ಟಾಲ್ ಸಿಡಿಯನ್ನೇ ಒಂದು ಫೈಲ್ ಮಾಡಿಟ್ಟ ಇಮೇಜಿಗೆ ಐಎಸ್‌ಒ ಅನ್ನುತ್ತಾರೆ. ದೂರದ ಫೈಲ್ ಸರ್ವರ್‌ನಲ್ಲಿರುವ ಅದನ್ನು ಸಿಡಿ ಹಾಕಿದ ಹಾಗೆ ಸರ್ವರ್‌ಗೆ ಮೌಂಟ್ ಮಾಡಲು ಕಮಾಂಡ್ ಕೊಡುತ್ತೀರಿ. ಸರಿಯಾಗಿ ಮುಗಿಯಿತು ಅಂತ ಉತ್ತರವೂ ಬರುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಹಳೆಯ ಓಎಸ್ಸೇ ಮೇಲೇಳುತ್ತದೆ. ಇನ್ನೊಂದು ದಿನ ಅದೇ ಕಮಾಂಡ್ ಅರ್ಧ ನಿಮಿಷ ಸುಮ್ನೆ ಕೂತು, ಆಮೇಲೆ ಇಮೇಜ್ ಸಿಗಲಿಲ್ಲ ಅನ್ನುತ್ತದೆ. ಮತ್ತೊಂದು ದಿನ ಇನ್‌ಸ್ಟಾಲರ್ ಶುರುವಾಗಿ, ನೀಲಿ ಪಟ್ಟಿ ಸ್ವಲ್ಪ ಮುಂದೆ ಹೋಗಿ, ಡಿಸ್ಕ್ ಕಾಣೆಯಾಯಿತು ಅಂತ ನಿಂತುಬಿಡುತ್ತದೆ. ನೋಡೋಕೆ ಮೂರು ಬೇರೆ ಬೇರೆ ತೊಂದರೆಗಳು. ಆದರೆ ನಾನು ಇಷ್ಟು ವರ್ಷ ಸರ್ವರ್‌ಗಳ ಜೊತೆ ಒದ್ದಾಡಿ ಕಲಿತದ್ದು ಏನೆಂದರೆ, ಮೂರಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಫೈಲನ್ನು ಎಳೆಯುತ್ತಿರುವುದು ಯಾರು?

ನೀವು ಲ್ಯಾಪ್‌ಟಾಪ್‌ನಲ್ಲಿ ಕೂತು ಕಮಾಂಡ್ ಕೊಡುತ್ತೀರಿ, ನಿಜ. ಫೈಲನ್ನು ಎಳೆಯುವುದು ಮಾತ್ರ ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಸರ್ವರ್‌ನಲ್ಲಿ ಓಡುವ ಓಎಸ್ ಕೂಡ ಅಲ್ಲ. ಎಳೆಯುವುದು ಬಿಎಂಸಿ. ಮದರ್‌ಬೋರ್ಡ್ ಮೇಲೆ ಬೇರೆಯಾಗಿಯೇ ಕೂತಿರುವ ಪುಟ್ಟ ಕಂಪ್ಯೂಟರ್ ಅದು. ಡೆಲ್‌ನವರು ಅದನ್ನು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಇಯವರು ಐಲೋ ಅನ್ನುತ್ತಾರೆ. ಅದಕ್ಕೆ ತನ್ನದೇ ಐಪಿ, ತನ್ನದೇ ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು), ತನ್ನದೇ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ವ್ಯವಸ್ಥೆ), ತನ್ನದೇ ಗಡಿಯಾರ. ನೀವು ಇಮೇಜಿನ ವಿಳಾಸ ಕೊಟ್ಟಾಗ ಅದು ಫೈಲ್ ಸರ್ವರ್‌ಗೆ ಹೋಗಿ ಫೈಲನ್ನು ತೆರೆದು, ಸರ್ವರ್‌ನ ಒಳಗಿನ ಯುಎಸ್‌ಬಿ ದಾರಿಯಲ್ಲಿ ಒಂದು ಸಿಡಿ ಡ್ರೈವ್ ಇದ್ದ ಹಾಗೆ ತೋರಿಸುತ್ತದೆ. ಸರ್ವರ್‌ನ ಕಣ್ಣಿಗೆ ಅದು ಯಾರೋ ಚುಚ್ಚಿದ ಯುಎಸ್‌ಬಿ ಸಿಡಿ, ಅಷ್ಟೇ.

ಇದು ತಲೆಯಲ್ಲಿ ಕೂತರೆ ಹುಡುಕುವ ದಾರಿ ತಾನೇ ತೆರೆದುಕೊಳ್ಳುತ್ತದೆ. ದೋಷ ಇರುವುದು ಮೂರು ಕೊಂಡಿಗಳಲ್ಲಿ ಒಂದರಲ್ಲಿ. ನಿಮ್ಮಿಂದ ಬಿಎಂಸಿಗೆ ಹೋಗುವ ಕಮಾಂಡ್, ಬಿಎಂಸಿಯಿಂದ ಫೈಲ್ ಸರ್ವರ್‌ಗೆ ಹೋಗುವ ದಾರಿ, ಬಿಎಂಸಿಯಿಂದ ಸರ್ವರ್‌ಗೆ ಕಾಣುವ ಯುಎಸ್‌ಬಿ ಡ್ರೈವ್. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ನಡುವಿನ ಕೊಂಡಿಯದ್ದು. ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಒಂದು ಮಾತು. ಕೆಳಗೆ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಉದಾಹರಣೆಗೆ ಬಿಎಂಸಿಯ ಐಪಿ 10.20.8.31, ಫೈಲ್ ಸರ್ವರ್‌ನ ಐಪಿ 10.20.1.5 ಅಂತ ಇಟ್ಟುಕೊಳ್ಳೋಣ.

ಮೊದಲು ಸ್ಥಿತಿ ಕೇಳಿ, ಆಮೇಲೆ ಕೈ ಹಾಕಿ

ಮೌಂಟ್ ಆಗಲಿಲ್ಲ ಅಂದ ಕೂಡಲೇ ಅದೇ ಕಮಾಂಡನ್ನು ಮತ್ತೆ ಮತ್ತೆ ಕೊಡಬೇಡಿ. ಮೊದಲು ಬಿಎಂಸಿ ಈಗ ಏನು ಹಿಡಿದುಕೊಂಡಿದೆ ಅಂತ ಕೇಳಿ. ಡೆಲ್‌ನಲ್ಲಾದರೆ ಅವರದೇ ರ‍್ಯಾಕ್‌ಎಡಿಎಂ ಟೂಲಿನಿಂದ ಹೀಗೆ:

ರ‍್ಯಾಕ್‌ಎಡಿಎಂ -ಆರ್ 10.20.8.31 -ಯು ಯೂಸರ್ -ಪಿ 'ಪಾಸ್‌ವರ್ಡ್' ರಿಮೋಟ್‌ಇಮೇಜ್ -ಎಸ್

ರಿಮೋಟ್ ಫೈಲ್ ಶೇರ್ ಎನೇಬಲ್ ಆಗಿದೆಯಾ, ಡಿಸೇಬಲ್ ಆಗಿದೆಯಾ, ಯಾವ ಶೇರ್ ಅಂತ ಇದು ಹೇಳುತ್ತದೆ. ಕೊನೆಯ ಅಕ್ಷರ ಎಸ್ ಬದಲು ಸಿ ಆದರೆ ಕನೆಕ್ಟ್, ಡಿ ಆದರೆ ಡಿಸ್ಕನೆಕ್ಟ್. ಕನೆಕ್ಟ್ ಮಾಡುವಾಗ -ಎಲ್ ಜೊತೆ ಇಮೇಜಿನ ವಿಳಾಸ ಕೊಡಬೇಕು. ಐಲೋದಲ್ಲಾದರೆ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ 'ವಿಎಂ ಸಿಡಿರಾಮ್ ಗೆಟ್' ಕೊಡಿ. ಹಾಕುವುದಕ್ಕೆ 'ವಿಎಂ ಸಿಡಿರಾಮ್ ಇನ್ಸರ್ಟ್' ಮತ್ತು ಯುಆರ್‌ಎಲ್, ತೆಗೆಯುವುದಕ್ಕೆ 'ವಿಎಂ ಸಿಡಿರಾಮ್ ಇಜೆಕ್ಟ್'.

ಬೇರೆ ಬೇರೆ ಕಂಪನಿಯ ಸರ್ವರ್‌ಗಳು ಒಟ್ಟಿಗೆ ಇದ್ದರೆ ರೆಡ್‌ಫಿಶ್ ಬಳಸುವುದು ಒಳ್ಳೆಯದು. ಸರ್ವರ್‌ಗಳನ್ನು ದೂರದಿಂದ ನಿಭಾಯಿಸಲು ಡಿಎಂಟಿಎಫ್ ಸಂಸ್ಥೆ 2015ರಲ್ಲಿ ಹೊರತಂದ ಮಾನಕ ಅದು. ವೆಬ್ ವಿಳಾಸದ ಜೊತೆ ಮಾತಾಡುವ ಕರ್ಲ್ ಕಮಾಂಡ್ ಇದ್ದರೆ ಸಾಕು. ವರ್ಚುವಲ್ ಮೀಡಿಯಾದ ವಿಳಾಸಕ್ಕೆ ಒಂದು ಗೆಟ್ ಕೊಟ್ಟರೆ ಜೇಸನ್‌ನಲ್ಲಿ ಉತ್ತರ ಬರುತ್ತದೆ. ಅದರಲ್ಲಿ ಮೂರು ಸಾಲು ನೋಡಿ: 'ಇಮೇಜ್', 'ಇನ್ಸರ್ಟೆಡ್', 'ಕನೆಕ್ಟೆಡ್‌ವಯಾ'. ಇಮೇಜ್ ಸಾಲಿನಲ್ಲಿ ವಿಳಾಸ ಇದ್ದು ಇನ್ಸರ್ಟೆಡ್ ಮಾತ್ರ ಫಾಲ್ಸ್ ಅಂತಿದ್ದರೆ, ಬಿಎಂಸಿಗೆ ನಿಮ್ಮ ಮಾತು ತಲುಪಿದೆ, ಫೈಲ್ ಅದರ ಕೈಗೆ ಸಿಕ್ಕಿಲ್ಲ. ಕನೆಕ್ಟೆಡ್‌ವಯಾದಲ್ಲಿ ಆಪ್ಲೆಟ್ ಅಂತಿದ್ದರೆ ಬೇರೆ ಯಾರೋ ಬ್ರೌಸರ್ ಕನ್ಸೋಲಿನಿಂದ ತಮ್ಮ ಫೈಲನ್ನು ಆಗಲೇ ಹಾಕಿಟ್ಟಿದ್ದಾರೆ. ಹಗಲು ಪಾಳಿಯವರು ಟ್ಯಾಬ್ ಮುಚ್ಚದೆ ಮನೆಗೆ ಹೋಗಿರುತ್ತಾರೆ, ಅಷ್ಟೇ. ಅವರನ್ನು ಒಂದು ಮಾತು ಕೇಳಿ, ಆಮೇಲೆ ಇಜೆಕ್ಟ್ ಮಾಡಿ. ಅವರ ಇನ್‌ಸ್ಟಾಲ್ ಅರ್ಧದಲ್ಲಿ ಓಡುತ್ತಿರಲೂಬಹುದು.

ರೆಡ್‌ಫಿಶ್‌ನಲ್ಲಿ ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. ಇನ್ಸರ್ಟ್‌ಮೀಡಿಯಾಗೆ ಪೋಸ್ಟ್ ಮಾಡಿದಾಗ 202 ಬಂದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. 202 ಅಂದರೆ 'ಕೇಳಿಸಿಕೊಂಡೆ, ಮಾಡ್ತೀನಿ' ಅಂತ. ಮಾಡಿದೆಯಾ ಇಲ್ಲವಾ ಅಂತ ಅದು ಕೊಟ್ಟ ಟಾಸ್ಕ್ ವಿಳಾಸಕ್ಕೆ ಹೋಗಿ ನೋಡಬೇಕು. 404 ಬಂದರೆ ಹೆದರಬೇಡಿ. ಹಳೆಯ ಫರ್ಮ್‌ವೇರ್‌ಗಳಲ್ಲಿ ವರ್ಚುವಲ್ ಮೀಡಿಯಾ ಮ್ಯಾನೇಜರ್ಸ್ ಕೆಳಗೆ ಇರುತ್ತದೆ, ಹೊಸದರಲ್ಲಿ ಸಿಸ್ಟಮ್ಸ್ ಕೆಳಗೂ ಸಿಗುತ್ತದೆ. ಮೇಲಿನಿಂದ ಒಂದೊಂದೇ ಲಿಂಕ್ ಹಿಡಿದು ಇಳಿದರೆ ಸರಿಯಾದ ವಿಳಾಸ ಸಿಗುತ್ತದೆ.

ಪಾಸ್‌ವರ್ಡಿನ ಬಗ್ಗೆ ಎರಡೇ ಮಾತು. ಅದರಲ್ಲಿ ಡಾಲರ್ ಚಿಹ್ನೆ ಇದ್ದು ನೀವು ಡಬಲ್ ಕೋಟ್ ಹಾಕಿದ್ದರೆ, ಶೆಲ್ ಅದನ್ನು ವೇರಿಯಬಲ್ ಅಂತ ತಿಳಿದು ನುಂಗಿಬಿಡುತ್ತದೆ. ಬ್ಯಾಷ್‌ನಲ್ಲಿ ಆಶ್ಚರ್ಯ ಚಿಹ್ನೆಗೂ ಅದೇ ಗತಿ. ಸಿಂಗಲ್ ಕೋಟ್ ಬಳಸಿ. ಶೇರ್ ಪಾಸ್‌ವರ್ಡಿನಲ್ಲಿ ವಿಚಿತ್ರ ಚಿಹ್ನೆಗಳಿದ್ದರೆ ಕೆಲವು ಬಿಎಂಸಿಗಳೇ ಒಪ್ಪುವುದಿಲ್ಲ. ಅನುಮಾನ ಬಂದರೆ ಬರೀ ಅಕ್ಷರ, ಅಂಕಿ ಇರುವ ಒಂದು ಟೆಸ್ಟ್ ಅಕೌಂಟ್ ಮಾಡಿ, ಓದುವ ಹಕ್ಕು ಮಾತ್ರ ಕೊಟ್ಟು ಪರೀಕ್ಷಿಸಿ.

ಲೈಸೆನ್ಸ್ ಕೂಡ ನೋಡಿಕೊಳ್ಳಿ. ಡೆಲ್‌ನಲ್ಲಿ ಈ ಸೌಲಭ್ಯಕ್ಕೆ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು, ಐಲೋದಲ್ಲಿ ಸ್ಕ್ರಿಪ್ಟ್ ಮೂಲಕ ಇಮೇಜ್ ಹಾಕಲು ಅಡ್ವಾನ್ಸ್ಡ್ ಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಕೆಲಸ ಆಗುವುದಿಲ್ಲ.

ನಡುವಿನ ಕೊಂಡಿ: ಬಿಎಂಸಿಯಿಂದ ಫೈಲ್ ಸರ್ವರ್‌ಗೆ

'ನನ್ನ ಲ್ಯಾಪ್‌ಟಾಪ್‌ನಿಂದ ಆ ಫೈಲ್ ತೆರೆಯುತ್ತದಲ್ಲ, ಬಿಎಂಸಿಗೂ ಪಿಂಗ್ ಹೋಗುತ್ತದಲ್ಲ' ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನಾನೂ ಹೇಳಿದ್ದೇನೆ. ಎರಡೂ ನಿಜ. ಆದರೆ ಬಿಎಂಸಿಗೆ ಫೈಲ್ ಸರ್ವರ್ ಕಾಣುತ್ತದಾ ಅನ್ನುವುದಕ್ಕೆ ಅವೆರಡೂ ಉತ್ತರ ಅಲ್ಲ.

ಒಂದು ಸಲ ಹೀಗೇ ಆಯಿತು. ಇನ್ನೊಂದು ಊರಿನ ಸೈಟಿನಲ್ಲಿ ಒಂದು ಸರ್ವರ್‌ಗೆ ಹೊಸದಾಗಿ ಓಎಸ್ ಹಾಕಬೇಕಿತ್ತು. ಅಲ್ಲೇ ಇದ್ದ ಒಂದು ಜಂಪ್ ಸರ್ವರ್‌ಗೆ (ಒಳಗಿನ ನೆಟ್‌ವರ್ಕ್‌ಗೆ ಹೋಗಲು ಮೆಟ್ಟಿಲಿನಂತೆ ಬಳಸುವ ಯಂತ್ರ) ಹೋಗಿ ಅಲ್ಲಿಂದ ಬಿಎಂಸಿಗೆ ಕಮಾಂಡ್ ಕೊಡುತ್ತಿದ್ದೆ. ಎಲ್ಲ ಕಮಾಂಡಿಗೂ ಚಕಚಕ ಉತ್ತರ. ಇಮೇಜ್ ಕನೆಕ್ಟ್ ಮಾಡಿದಾಗ ಮಾತ್ರ ಟೈಮ್‌ಔಟ್. ಸೈಟಿನಲ್ಲಿದ್ದ ಹುಡುಗ ಫೋನ್ ಮಾಡಿದ.

'ಸರ್, ಸ್ಕ್ರೀನಲ್ಲಿ ಮತ್ತೆ ಹಳೇ ಓಎಸ್ಸೇ ಬಂತು. ಕೇಬಲ್ ಏನಾದ್ರೂ ತೆಗೆದು ಹಾಕ್ಲಾ?'

'ಬೇಡಪ್ಪ, ಏನೂ ಮುಟ್ಬೇಡ. ಸ್ವಲ್ಪ ಇರು, ಅದು ನನ್ ಹತ್ರ ಬರ್ತಿದೆಯಾ ಅಂತ ನೋಡ್ತೀನಿ.'

ಫೈಲ್ ಸರ್ವರ್‌ಗೆ ಹೋಗಿ, ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಈ ಕಮಾಂಡನ್ನು ಓಡಿಸಿದೆ:

ಟಿಸಿಪಿಡಂಪ್ -ಎನ್ -ಐ ಎನಿ ಹೋಸ್ಟ್ 10.20.8.31

ಇನ್ನೊಂದು ಕಿಟಕಿಯಲ್ಲಿ ಮೌಂಟ್ ಕಮಾಂಡ್ ಕೊಟ್ಟೆ. ಪರದೆ ಖಾಲಿ. ಒಂದು ಪ್ಯಾಕೆಟ್ಟೂ ಬರಲಿಲ್ಲ. ಆಗ ಹೊಳೆಯಿತು. ಜಂಪ್ ಸರ್ವರ್ ಮತ್ತು ಬಿಎಂಸಿ ಒಂದೇ ಸಬ್‌ನೆಟ್‌ನಲ್ಲಿವೆ (ನೆಟ್‌ವರ್ಕ್‌ನ ಒಂದೇ ತುಂಡಿನಲ್ಲಿ), ಅದಕ್ಕೇ ನನ್ನ ಕಮಾಂಡುಗಳಿಗೆ ಗೇಟ್‌ವೇ ಬೇಕೇ ಇರಲಿಲ್ಲ. ಫೈಲ್ ಸರ್ವರ್ ಇರುವುದು ಬೇರೆ ಸಬ್‌ನೆಟ್‌ನಲ್ಲಿ. ಬಿಎಂಸಿಯ ನೆಟ್‌ವರ್ಕ್ ಸೆಟ್ಟಿಂಗ್ ತೋರಿಸುವ 'ಐಪಿಎಂಐಟೂಲ್ ಲ್ಯಾನ್ ಪ್ರಿಂಟ್ 1' ಕೊಟ್ಟು ನೋಡಿದರೆ ಡಿಫಾಲ್ಟ್ ಗೇಟ್‌ವೇ ಐಪಿ ಸಾಲಿನ ಮುಂದೆ 0.0.0.0 ಅಂತಿತ್ತು. ಸರ್ವರ್ ಇಟ್ಟ ದಿನ ಐಪಿ ಹಾಕಿದವರು ಗೇಟ್‌ವೇ ಹಾಕಿರಲಿಲ್ಲ. 'ಐಪಿಎಂಐಟೂಲ್ ಲ್ಯಾನ್ ಸೆಟ್ 1 ಡೆಫ್‌ಜಿಡಬ್ಲ್ಯು ಐಪಿಎಡಿಡಿಆರ್ 10.20.8.1' ಅಂತ ಒಂದು ಸಾಲು ಕೊಟ್ಟೆ. ಮರುಕ್ಷಣ ಟಿಸಿಪಿಡಂಪ್ ಪರದೆ ತುಂಬಿ ಹರಿಯಿತು.

ಅಂದಿನಿಂದ ನನ್ನ ಮೊದಲ ಕೆಲಸ ಟಿಸಿಪಿಡಂಪ್. ಬಿಎಂಸಿಯ ಲಾಗ್‌ಗಳು ಬಹಳ ಸಲ 'ಕನೆಕ್ಟ್ ಆಗಲಿಲ್ಲ' ಅನ್ನುವಷ್ಟೇ ಹೇಳುತ್ತವೆ. ಫೈಲ್ ಸರ್ವರ್ ಕಡೆ ಕೂತು ನೋಡಿದರೆ ಕಥೆ ಪೂರ್ತಿ ಕಾಣುತ್ತದೆ.

ಏನೂ ಬರದಿದ್ದರೆ ಬಿಎಂಸಿಯ ಗೇಟ್‌ವೇ, ವಿಲ್ಯಾನ್, ನಡುವಿನ ಫೈರ್‌ವಾಲ್ ನೋಡಿ. ವಿಳಾಸದಲ್ಲಿ ಹೆಸರು ಕೊಟ್ಟಿದ್ದರೆ ಒಮ್ಮೆ ಐಪಿ ಕೊಟ್ಟು ನೋಡಿ. ಬಿಎಂಸಿಗೆ ಡಿಎನ್‌ಎಸ್ ಹಾಕಿರುವುದೇ ಅಪರೂಪ. ಡೆಲ್‌ನಲ್ಲಿ 'ರ‍್ಯಾಕ್‌ಎಡಿಎಂ ಪಿಂಗ್ 10.20.1.5' ಕೊಟ್ಟರೆ ಬಿಎಂಸಿಯೇ ಪಿಂಗ್ ಮಾಡಿ ಹೇಳುತ್ತದೆ. ಇದು ಚಿನ್ನದಂಥ ಕಮಾಂಡ್.

ಸಿನ್ ಪ್ಯಾಕೆಟ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಮಾತ್ರ ಬರುತ್ತಿದ್ದರೆ ಸಮಯ ನೋಡಿ. 02:14:07ಕ್ಕೆ ಒಂದು, 02:14:08ಕ್ಕೆ ಇನ್ನೊಂದು, ಆಮೇಲೆ 02:14:10, ಆಮೇಲೆ 02:14:14. ಒಂದು ಸೆಕೆಂಡ್, ಎರಡು, ನಾಲ್ಕು ಅಂತ ಅಂತರ ಎರಡರಷ್ಟಾಗುತ್ತಾ ಹೋಗುತ್ತದೆ. ಬಾಗಿಲು ಬಡಿಯುತ್ತಿದ್ದಾರೆ, ಯಾರೂ ತೆರೆಯುತ್ತಿಲ್ಲ. ಇದು ಫೈಲ್ ಸರ್ವರ್‌ನ ಫೈರ್‌ವಾಲ್, ಅಥವಾ ಉತ್ತರ ಬೇರೆ ದಾರಿಯಲ್ಲಿ ಹೋಗಿ ಕಳೆದುಹೋಗುತ್ತಿದೆ. ಸಿನ್ ಬಂದ ಕೂಡಲೇ ರೀಸೆಟ್ ಹೋಗುತ್ತಿದ್ದರೆ ಆ ಪೋರ್ಟ್‌ನಲ್ಲಿ ಸರ್ವಿಸ್ಸೇ ಓಡುತ್ತಿಲ್ಲ. ಕನೆಕ್ಷನ್ ಆಗಿ, ನಾಲ್ಕು ಮಾತಾಡಿ, ಮುಚ್ಚಿಕೊಂಡರೆ ಅದು ಪ್ರೋಟೋಕಾಲ್ ಇಲ್ಲವೇ ಪರ್ಮಿಷನ್ ತಕರಾರು.

ಇನ್ನೊಂದು ಗುಟ್ಟು. ಬಿಎಂಸಿಗೆ ಬೇರೆ ಪೋರ್ಟ್ ಇಲ್ಲದೆ ಸರ್ವರ್‌ನ ನೆಟ್‌ವರ್ಕ್ ಪೋರ್ಟನ್ನೇ ಹಂಚಿಕೊಂಡಿದ್ದರೆ, ಐಎಸ್‌ಒವನ್ನು ಅದೇ ಸರ್ವರ್‌ನ ಓಎಸ್ ಮೇಲೆ ಇಟ್ಟು ಎಳೆಯಲು ಹೋಗಬೇಡಿ. ಒಂದೇ ಪೋರ್ಟ್‌ ಹಂಚಿಕೊಂಡ ಬಿಎಂಸಿ ಮತ್ತು ಓಎಸ್ ಸಾಮಾನ್ಯವಾಗಿ ಆ ಪೋರ್ಟ್ ಮೂಲಕ ಪರಸ್ಪರ ಮಾತಾಡಲಾರವು. ಫೈಲ್ ಬೇರೆ ಯಂತ್ರದಲ್ಲಿರಲಿ.

ಎನ್‌ಎಫ್‌ಎಸ್, ಸಿಐಎಫ್‌ಎಸ್, ಎಚ್‌ಟಿಟಿಪಿ: ಮೂರಕ್ಕೂ ಬೇರೆ ಬೇರೆ ಕಾಯಿಲೆ

ಇವು ಫೈಲನ್ನು ನೆಟ್‌ವರ್ಕ್ ಮೇಲೆ ಹಂಚುವ ಮೂರು ಪದ್ಧತಿಗಳು: ಎನ್‌ಎಫ್‌ಎಸ್ ಲಿನಕ್ಸ್ ಕಡೆಯದು, ಸಿಐಎಫ್‌ಎಸ್ ವಿಂಡೋಸ್ ಕಡೆಯದು, ಎಚ್‌ಟಿಟಿಪಿ ವೆಬ್ಬಿನದು. ಎನ್‌ಎಫ್‌ಎಸ್‌ನಲ್ಲಿ ಮೊದಲು ಫೈಲ್ ಸರ್ವರ್‌ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ' ಕೊಡಿ. ಬಿಎಂಸಿಯ ಸಬ್‌ನೆಟ್ ಆ ಪಟ್ಟಿಯಲ್ಲಿದೆಯಾ ನೋಡಿ. ಸರ್ವರ್‌ನ ಓಎಸ್ ಐಪಿಗೆ ಅನುಮತಿ ಕೊಟ್ಟು ಬಿಎಂಸಿ ಐಪಿಯನ್ನು ಮರೆಯುವುದು ಸಾಮಾನ್ಯ ತಪ್ಪು. ಹಳೆಯ ಬಿಎಂಸಿಗಳು ಎನ್‌ಎಫ್‌ಎಸ್ 3ನೇ ಆವೃತ್ತಿಯಲ್ಲೇ ಮಾತಾಡುತ್ತವೆ. ಅದಕ್ಕೆ 2049 ಒಂದೇ ಪೋರ್ಟ್ ಸಾಲದು. ಯಾವ ಸರ್ವಿಸ್ ಯಾವ ಪೋರ್ಟ್‌ನಲ್ಲಿದೆ ಅಂತ ಹೇಳುವ ಪೋರ್ಟ್‌ಮ್ಯಾಪರ್ 111ರಲ್ಲಿ ಬೇಕು, ಮೌಂಟ್ ಕೋರಿಕೆಗೆ ಉತ್ತರಿಸುವ ಮೌಂಟ್‌ಡಿ ಬೇಕು. ಮೌಂಟ್‌ಡಿ ಪ್ರತಿ ಸಲ ಬೇರೆ ಪೋರ್ಟ್ ಹಿಡಿಯಬಹುದು. ಹಾಗಾಗಿ ನಿನ್ನೆ ಕೆಲಸ ಮಾಡಿದ್ದು, ಫೈಲ್ ಸರ್ವರ್ ರೀಸ್ಟಾರ್ಟ್ ಆದ ಮೇಲೆ ಇವತ್ತು ನಿಂತಿರುತ್ತದೆ. ಮೌಂಟ್‌ಡಿಗೆ ಒಂದು ಪೋರ್ಟ್ ಗಟ್ಟಿಮಾಡಿ, ಅದನ್ನು ಫೈರ್‌ವಾಲಿನಲ್ಲಿ ಬಿಡಿ. ತುಂಬಾ ಹಳೆಯ ಯಂತ್ರವಾದರೆ ಯುಡಿಪಿಯಲ್ಲಿ ಕೇಳುತ್ತಿರಬಹುದು. ಹೊಸ ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್‌ಗಳಲ್ಲಿ ಯುಡಿಪಿ ಮೊದಲೇ ಆಫ್ ಆಗಿರುತ್ತದೆ. ಫೈಲಿಗೆ ಎಲ್ಲರಿಗೂ ಓದುವ ಪರ್ಮಿಷನ್ ಇರಲಿ. ರೂಟ್ ಸ್ಕ್ವಾಷ್ ಇದ್ದರೆ ಬಿಎಂಸಿ ರೂಟ್ ಆಗಿ ಬಂದರೂ ಸರ್ವರ್ ಅದನ್ನು ಯಾರೋ ದಾರಿಹೋಕ ಅಂತಲೇ ನೋಡುತ್ತದೆ.

ಸಿಐಎಫ್‌ಎಸ್‌ಗೆ ಬಂದರೆ, ತೊಂದರೆ ಹೆಚ್ಚಾಗಿ ಅದರ ಹಿಂದಿರುವ ಎಸ್‌ಎಂಬಿ ಪ್ರೋಟೋಕಾಲಿನ ಆವೃತ್ತಿಯದ್ದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ಮೊದಲೇ ತೆಗೆದಿಟ್ಟರು. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಸಾಂಬಾ ಕೂಡ 2019ರ 4.11ರಿಂದ ಎಸ್‌ಎಂಬಿ 1 ಅನ್ನು ಆಫ್ ಇಟ್ಟಿದೆ. ಹಳೆಯ ಬಿಎಂಸಿಗಳಿಗೆ ಗೊತ್ತಿರುವುದು ಅದೊಂದೇ. ಹಾಗಾಗಿ ಫೈಲ್ ಸರ್ವರ್ ಅಪ್‌ಡೇಟ್ ಆದ ದಿನದಿಂದ ಹಳೆಯ ಸರ್ವರ್‌ಗಳೆಲ್ಲ ಒಟ್ಟಿಗೆ ಕೈ ಕೊಡುತ್ತವೆ, ಹೊಸವು ಚೆನ್ನಾಗಿರುತ್ತವೆ. ಈ ಲಕ್ಷಣ ಕಂಡರೆ ಬೇರೆ ಕಡೆ ಹುಡುಕಬೇಡಿ. ದಯವಿಟ್ಟು ಇಡೀ ಫೈಲ್ ಸರ್ವರ್‌ನಲ್ಲಿ ಎಸ್‌ಎಂಬಿ 1 ಮತ್ತೆ ಆನ್ ಮಾಡಬೇಡಿ. ಬಿಎಂಸಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಆಗದಿದ್ದರೆ ಎನ್‌ಎಫ್‌ಎಸ್‌ಗೆ ಹೋಗಿ. ಅದೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್‌ನೊಳಗೆ ಮಾತ್ರ ಕಾಣುವ, ಐಎಸ್‌ಒ ಬಿಟ್ಟು ಬೇರೇನೂ ಇಲ್ಲದ ಒಂದು ಪುಟ್ಟ ಯಂತ್ರ ಇಡಿ.

ಎಚ್‌ಟಿಟಿಪಿ ಸುಲಭ. ಒಂದು ಪೋರ್ಟ್, ಪಾಸ್‌ವರ್ಡ್ ರಗಳೆ ಇಲ್ಲ. ನನಗೆ ಇಷ್ಟವಾದ ದಾರಿಯೂ ಇದೇ. ಆದರೆ ಇದರಲ್ಲಿ ಒಂದು ದೋಷ ಕಣ್ಣಿಗೆ ಕಾಣದ ಹಾಗೆ ಕೂತಿರುತ್ತದೆ. ಅದನ್ನು ನಿಧಾನವಾಗಿ ಹೇಳುತ್ತೇನೆ.

ಬಿಎಂಸಿ 5 ಜಿಬಿ ಐಎಸ್‌ಒವನ್ನು ಪೂರ್ತಿ ಇಳಿಸಿಕೊಳ್ಳುವುದಿಲ್ಲ. ಅಷ್ಟು ಜಾಗ ಅದಕ್ಕೆ ಎಲ್ಲಿದೆ? ಸರ್ವರ್ ಕೇಳಿದ ತುಂಡನ್ನು ಮಾತ್ರ ಆಗಾಗ ತಂದುಕೊಡುತ್ತದೆ. 'ಇಂಥ ಬೈಟಿನಿಂದ ಇಂಥ ಬೈಟಿನವರೆಗೆ ಕೊಡು' ಅಂತ ಕೇಳುವ ಈ ಪದ್ಧತಿಗೆ ಎಚ್‌ಟಿಟಿಪಿಯಲ್ಲಿ ರೇಂಜ್ ಅನ್ನುತ್ತಾರೆ. ವೆಬ್ ಸರ್ವರ್‌ಗೆ ಇದು ಗೊತ್ತಿದ್ದರೆ 206 ಅಂತ ಉತ್ತರಿಸಿ ಆ ತುಂಡನ್ನಷ್ಟೇ ಕೊಡುತ್ತದೆ. ಗೊತ್ತಿಲ್ಲದಿದ್ದರೆ 200 ಅಂತ ಹೇಳಿ ಫೈಲನ್ನು ಮೊದಲಿನಿಂದ ಸುರಿಯಲು ಶುರುಮಾಡುತ್ತದೆ. ಎನ್‌ಜಿನ್‌ಎಕ್ಸ್, ಅಪಾಚೆಗಳಿಗೆ ರೇಂಜ್ ಗೊತ್ತು. ಅವಸರದಲ್ಲಿ ನಾವೆಲ್ಲ ಓಡಿಸುವ 'ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್' ಇದೆಯಲ್ಲ, ಅದಕ್ಕೆ ಗೊತ್ತಿಲ್ಲ. ಬ್ರೌಸರ್‌ನಲ್ಲಿ ಫೈಲ್ ಚೆನ್ನಾಗಿ ಡೌನ್‌ಲೋಡ್ ಆಗುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬಿಎಂಸಿ ಮಾತ್ರ ಒದ್ದಾಡುತ್ತಿರುತ್ತದೆ.

ಇದನ್ನು ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು:

ಕರ್ಲ್ -ಎಸ್ -ಆರ್ 32769-32773 ಎಚ್‌ಟಿಟಿಪಿ://10.20.1.5/ಲಿನಕ್ಸ್.ಐಎಸ್‌ಒ | ಹೆಡ್ -ಸಿ 5

ಐಎಸ್‌ಒ 9660 ಪ್ರಕಾರ ಸಿಡಿಯ ಒಂದೊಂದು ಸೆಕ್ಟರ್ 2048 ಬೈಟ್. ಮೊದಲ ಹದಿನಾರು ಸೆಕ್ಟರ್ ಬಿಟ್ಟು, ಅಂದರೆ 32768 ಬೈಟ್ ದಾಟಿದ ಮೇಲೆ, ಡಿಸ್ಕಿನ ಗುರುತು ಶುರುವಾಗುತ್ತದೆ. ಅಲ್ಲಿ ಒಂದು ಬೈಟ್ ಆದ ಮೇಲೆ ಐದು ಅಕ್ಷರ ಬರೆದಿರುತ್ತದೆ: ಸಿ, ಡಿ, ಸೊನ್ನೆ, ಸೊನ್ನೆ, ಒಂದು. ಪರದೆ ಮೇಲೆ ಈ ಐದು ಅಕ್ಷರ ಬಂದರೆ ಎರಡು ವಿಷಯ ಒಟ್ಟಿಗೆ ಖಾತ್ರಿ. ವೆಬ್ ಸರ್ವರ್‌ಗೆ ರೇಂಜ್ ಗೊತ್ತಿದೆ, ಮತ್ತು ಆ ಫೈಲ್ ನಿಜವಾಗಿಯೂ ಸಿಡಿ ಇಮೇಜ್. ಬೇರೇನಾದರೂ ಬಂದರೆ, ಅಥವಾ ಏನೂ ಕಾಣದಿದ್ದರೆ, ಎರಡರಲ್ಲಿ ಒಂದು ಕೆಟ್ಟಿದೆ. ಅರ್ಧ ಡೌನ್‌ಲೋಡ್ ಆದ ಫೈಲನ್ನು ಇದು ಹಿಡಿಯುವುದಿಲ್ಲ, ಯಾಕೆಂದರೆ ಗುರುತು ಶುರುವಿನಲ್ಲೇ ಇದೆ. ಅದಕ್ಕೆ ಎಸ್‌ಎಚ್‌ಎ256 ಮೊತ್ತ ತಾಳೆ ನೋಡಲೇಬೇಕು. ಕೊನೆಯ ಹೆಡ್ ಭಾಗವನ್ನು ಬಿಡಬೇಡಿ. ರೇಂಜ್ ಗೊತ್ತಿಲ್ಲದ ಸರ್ವರ್ ಆದರೆ ಇಡೀ ಐಎಸ್‌ಒ ನಿಮ್ಮ ಟರ್ಮಿನಲ್ ಕಡೆಗೆ ಹರಿದು ಬರುತ್ತದೆ.

ಬಿಎಂಸಿ ಕನೆಕ್ಟ್ ಮಾಡುವಾಗ ವೆಬ್ ಸರ್ವರ್‌ನ ಆಕ್ಸೆಸ್ ಲಾಗ್ ಕೂಡ ತೆರೆದಿಟ್ಟುಕೊಳ್ಳಿ. ಆರೋಗ್ಯವಾಗಿದ್ದರೆ ಬಿಎಂಸಿಯ ಐಪಿಯಿಂದ 206ರ ಸಾಲುಗಳು ಒಂದರ ಹಿಂದೆ ಒಂದು ಬೀಳುತ್ತಿರುತ್ತವೆ. ನನಗೆ ಅದನ್ನು ನೋಡುವುದೇ ಒಂದು ಸಮಾಧಾನ.

ಎಚ್‌ಟಿಟಿಪಿಎಸ್ ಬಳಸಿದರೆ ಸರ್ಟಿಫಿಕೇಟ್ ಪ್ರಶ್ನೆ ಬರುತ್ತದೆ. ನಿಮ್ಮ ಕಂಪನಿಯೊಳಗೇ ಸರ್ಟಿಫಿಕೇಟ್ ಕೊಡುವ ಸಿಎ ಬಿಎಂಸಿಗೆ ಗೊತ್ತಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಗಡಿಯಾರ. ಬಿಎಂಸಿಯ ಗಡಿಯಾರ ಎಷ್ಟೋ ವರ್ಷ ಹಿಂದಿದ್ದರೆ ಅದು ಒಳ್ಳೆಯ ಸರ್ಟಿಫಿಕೇಟನ್ನೂ ಇನ್ನೂ ಶುರುವಾಗಿಲ್ಲ ಅಂತ ತಿರಸ್ಕರಿಸುತ್ತದೆ. ಗಡಿಯಾರ ಸರಿಯಿಡುವ ಎನ್‌ಟಿಪಿ ಹಾಕಿ.

ಕನೆಕ್ಟ್ ಆಗುತ್ತದೆ, ಆದರೆ ನಿಧಾನ ಅಥವಾ ಅರ್ಧದಲ್ಲಿ ನಿಲ್ಲುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಸರ್ವರ್ ಒಂದು ಸಲಕ್ಕೆ 64 ಕೆಬಿ ಕೇಳುತ್ತದೆ, ಅದು ಬಂದ ಮೇಲೆ ಮುಂದಿನದು ಕೇಳುತ್ತದೆ ಅಂತಿಟ್ಟುಕೊಳ್ಳಿ. ಬಿಎಂಸಿಯಿಂದ ಫೈಲ್ ಸರ್ವರ್‌ಗೆ ಹೋಗಿಬರಲು 40 ಮಿಲಿಸೆಕೆಂಡ್ ಆದರೆ, ಸೆಕೆಂಡಿಗೆ 25 ಸಲ ಮಾತ್ರ ಕೇಳಬಹುದು. ಅಂದರೆ ಸೆಕೆಂಡಿಗೆ 1.6 ಎಂಬಿ. 5 ಜಿಬಿಗೆ 50 ನಿಮಿಷಕ್ಕೂ ಮೇಲೆ. ನಿಮ್ಮ ಲಿಂಕ್ ಸೆಕೆಂಡಿಗೆ ಒಂದು ಗಿಗಾಬಿಟ್ ಇದ್ದರೂ ಇದು ಬದಲಾಗುವುದಿಲ್ಲ. ಇಲ್ಲಿ ಕಾಯಿಸುವುದು ದಾರಿಯ ಉದ್ದ, ಅಗಲ ಅಲ್ಲ. ಅದಕ್ಕೇ ಇಮೇಜನ್ನು ಸರ್ವರ್ ಇರುವ ಡೇಟಾ ಸೆಂಟರಿನಲ್ಲೇ ಒಂದು ಯಂತ್ರಕ್ಕೆ ಮೊದಲು ಕಾಪಿ ಮಾಡಿ, ಅಲ್ಲಿಂದ ಮೌಂಟ್ ಮಾಡಿ. ಕಾಪಿ ಮಾಡಲು ಹಿಡಿದ ಹತ್ತು ನಿಮಿಷ ನಿಮಗೆ ವಾಪಸ್ ಸಿಗುತ್ತದೆ.

ನಿಧಾನವಾದರೆ ಕಾದರಾಯಿತು ಅನ್ನುವಂತಿಲ್ಲ. ಕೆಲವು ಲಿನಕ್ಸ್ ಇನ್‌ಸ್ಟಾಲರ್‌ಗಳು ಕರ್ನಲ್ ಓದಿಕೊಂಡ ಮೇಲೆ ಡಿಸ್ಕಿಗಾಗಿ ಸ್ವಲ್ಪ ಹೊತ್ತು ಕಾದು, ಡ್ರಾಕಟ್ (ಬೂಟಿನ ಮೊದಲ ಹಂತ ನಡೆಸುವ ಭಾಗ) ಟೈಮ್‌ಔಟ್ ಅಂತ ತುರ್ತು ಶೆಲ್‌ಗೆ ಬೀಳುತ್ತವೆ. ಜನ ಆಗ ಐಎಸ್‌ಒ ಕೆಟ್ಟಿದೆ ಅಂತ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಅದಕ್ಕೆ ಮೊದಲು ಆ ಶೆಲ್‌ನಲ್ಲೇ 'ಬ್ಲಾಕ್‌ಐಡಿ' ಕೊಟ್ಟು ನೋಡಿ. ಸಿಡಿಯ ಲೇಬಲ್ ಕಂಡರೆ ಡಿಸ್ಕ್ ಬಂದಿದೆ, ತಡವಾಗಿ ಬಂದಿದೆ, ಅಥವಾ ಬೂಟ್ ಸಾಲಿನಲ್ಲಿರುವ ಲೇಬಲ್ ಬೇರೆ ಇದೆ. ನೀವೇ ಐಎಸ್‌ಒ ಬಿಚ್ಚಿ ಕಿಕ್‌ಸ್ಟಾರ್ಟ್ (ಇನ್‌ಸ್ಟಾಲರ್‌ಗೆ ಉತ್ತರ ಬರೆದಿಟ್ಟ ಫೈಲ್) ಸೇರಿಸಿ ಮತ್ತೆ ಕಟ್ಟಿದ್ದರೆ ಲೇಬಲ್ ಬದಲಾಗಿರುವ ಸಾಧ್ಯತೆ ಜಾಸ್ತಿ.

ಸಣ್ಣ ಮಾತುಕತೆ ಸರಿಯಾಗಿ ನಡೆದು, ದೊಡ್ಡ ಓದು ಬಂದಾಗ ಪೂರ್ತಿ ನಿಂತುಹೋದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ನೋಡಿ. ನಡುವೆ ವಿಪಿಎನ್ ಇದ್ದರಂತೂ ಖಂಡಿತ ನೋಡಿ. ಫೈಲ್ ಸರ್ವರ್‌ನಿಂದ ಹೀಗೆ (ಇಲ್ಲಿ ಎಂ ಮಾತ್ರ ದೊಡ್ಡಕ್ಷರ):

ಪಿಂಗ್ -ಎಂ ಡೂ -ಎಸ್ 1472 10.20.8.31

1472ಕ್ಕೆ ಪ್ಯಾಕೆಟ್ ಹೆಡರ್‌ಗಳ 28 ಬೈಟ್ ಸೇರಿದರೆ 1500. ಇದು ಹೋಗದೆ, 1400 ಹೋದರೆ ಸಿಕ್ಕಿಬಿತ್ತು. ವಿಪಿಎನ್ ಟನಲ್‌ನಲ್ಲಿ ಎಂಎಸ್‌ಎಸ್ (ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾದ ಗರಿಷ್ಠ ಗಾತ್ರ) ಕಡಿಮೆ ಮಾಡಿಸಿ, ಇಲ್ಲವೇ ಫೈಲ್ ಸರ್ವರ್‌ನ ಎಂಟಿಯು ಇಳಿಸಿ.

ಮೌಂಟ್ ಆಗಿರುವಾಗ ಅದೇ ಹೆಸರಿನಲ್ಲಿ ಹೊಸ ಐಎಸ್‌ಒ ಕಾಪಿ ಮಾಡುವ ತಪ್ಪೂ ನಡೆಯುತ್ತದೆ. ಬಿಎಂಸಿ ಹಳೆಯ ಫೈಲಿನ ಲೆಕ್ಕದಲ್ಲಿ ಓದುತ್ತಿರುತ್ತದೆ, ಸಿಗುವುದು ಹೊಸ ಫೈಲಿನ ಬೈಟುಗಳು. ಕರ್ನಲ್ ಲಾಗಿನಲ್ಲಿ ಎಸ್‌ಆರ್0 (ಲಿನಕ್ಸ್‌ನಲ್ಲಿ ಸಿಡಿ ಡ್ರೈವಿನ ಹೆಸರು) ಮೇಲೆ ಐಒ ಎರರ್‌ಗಳ ಸಾಲು ಬೀಳುತ್ತದೆ. ಪ್ರತಿ ಆವೃತ್ತಿಗೂ ಬೇರೆ ಹೆಸರು ಇಡಿ.

ಕೊನೆಯ ಕೊಂಡಿ: ಸರ್ವರ್‌ಗೆ ಡ್ರೈವ್ ಕಾಣುತ್ತಿಲ್ಲ

ಬಿಎಂಸಿ ಎನೇಬಲ್ ಅಂತ ಹೇಳುತ್ತದೆ, 206ರ ಸಾಲುಗಳೂ ಬಂದಿವೆ, ಆದರೆ ಬೂಟ್ ಮೆನುವಿನಲ್ಲಿ ಸಿಡಿಯೇ ಇಲ್ಲ. ಡೆಲ್‌ನಲ್ಲಾದರೆ 'ಐಡ್ರ್ಯಾಕ್.ವರ್ಚುವಲ್‌ಮೀಡಿಯಾ.ಅಟ್ಯಾಚ್ಡ್' ಸೆಟ್ಟಿಂಗ್ ನೋಡಿ. ಡಿಟ್ಯಾಚ್ ಆಗಿದ್ದರೆ ಆ ಯುಎಸ್‌ಬಿ ತಂತಿಯನ್ನೇ ಕಿತ್ತ ಹಾಗೆ. ಆಟೋ ಅಟ್ಯಾಚ್‌ಗೆ ಬದಲಿಸಿ.

ಡ್ರೈವ್ ಇದ್ದೂ ಅದರಿಂದ ಬೂಟ್ ಆಗದಿದ್ದರೆ ಒಂದು ಸಲದ ಬೂಟ್ ಸೆಟ್ಟಿಂಗ್ ಹಾಕಿದ್ದೀರಾ ನೋಡಿ. ರೆಡ್‌ಫಿಶ್‌ನಲ್ಲಿ ಬೂಟ್ ಓವರ್‌ರೈಡ್ ಟಾರ್ಗೆಟ್ 'ಸಿಡಿ', ಎನೇಬಲ್ಡ್ 'ಒನ್ಸ್'. ಇದು ಒಂದೇ ಬೂಟಿಗೆ. ನಡುವೆ ಯಾರೋ ಒಮ್ಮೆ ರೀಸ್ಟಾರ್ಟ್ ಮಾಡಿದ್ದರೆ ಖರ್ಚಾಗಿ ಹೋಗಿರುತ್ತದೆ, ಮತ್ತೆ ಹಾಕಬೇಕು. ಸರ್ವರ್ ಹೊಸ ಬೂಟ್ ಪದ್ಧತಿಯಾದ ಯುಇಎಫ್‌ಐ ಮೋಡ್‌ನಲ್ಲಿದ್ದು ಐಎಸ್‌ಒ ಹಳೆಯ ಬಯೋಸ್ ಬೂಟಿಗೆ ಮಾತ್ರ ಕಟ್ಟಿದ್ದರೆ ಅದು ಸದ್ದಿಲ್ಲದೆ ಮುಂದಿನ ಡಿಸ್ಕಿಗೆ ಹೋಗುತ್ತದೆ. ಹಳೆಯ ಫರ್ಮ್‌ವೇರ್ ಅಪ್‌ಡೇಟ್ ಡಿಸ್ಕುಗಳಲ್ಲಿ ಇದು ಜಾಸ್ತಿ.

ಓಎಸ್ ಓಡುತ್ತಿರುವಾಗಲೇ ಇಮೇಜ್ ನೋಡಬೇಕಿದ್ದರೆ 'ಎಲ್‌ಎಸ್‌ಬ್ಲಾಕ್' ಕೊಡಿ. ಎಸ್‌ಆರ್0 ಇದ್ದು, ಮೌಂಟ್ ಮಾಡಿದಾಗ 'ನೋ ಮೀಡಿಯಂ ಫೌಂಡ್' ಅಂತ ಬಂದರೆ ಡ್ರೈವ್ ಇದೆ, ಒಳಗೆ ತಟ್ಟೆ ಇಲ್ಲ. ಮತ್ತೆ ನಡುವಿನ ಕೊಂಡಿಗೆ ಹೋಗಿ. ಎಸ್‌ಆರ್0 ಇಲ್ಲವೇ ಇಲ್ಲ ಅಂದರೆ 'ಎಲ್‌ಎಸ್‌ಮಾಡ್' ಕೊಟ್ಟು ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಲೋಡ್ ಆಗಿದೆಯಾ ನೋಡಿ. ಸೆಕ್ಯುರಿಟಿ ಗಟ್ಟಿಮಾಡುವಾಗ ಯಾರೂ ಪೆನ್ ಡ್ರೈವ್ ಚುಚ್ಚಬಾರದು ಅಂತ ಆ ಮಾಡ್ಯೂಲನ್ನು ಬ್ಲಾಕ್ ಮಾಡಿರುತ್ತಾರೆ. ವರ್ಚುವಲ್ ಸಿಡಿಯೂ ಯುಎಸ್‌ಬಿಯೇ ಅಲ್ವಾ, ಅದೂ ಜೊತೆಗೆ ಹೋಯಿತು. 'ಮಾಡ್‌ಪ್ರೋಬ್.ಡಿ' ಫೋಲ್ಡರ್‌ನಲ್ಲಿ ಆ ಸಾಲು ಸಿಗುತ್ತದೆ. ತೆಗೆಯುವ ಮುಂಚೆ ಸೆಕ್ಯುರಿಟಿಯವರಿಗೆ ತಿಳಿಸಿ, ಕೆಲಸ ಆದ ಮೇಲೆ ವಾಪಸ್ ಹಾಕಿ.

ಎಲ್ಲ ನೋಡಿಯೂ ಬಿಎಂಸಿ ಹಳೆಯ ಕನೆಕ್ಷನ್ನನ್ನೇ ಹಿಡಿದುಕೊಂಡು ಇಜೆಕ್ಟಿಗೂ ಬಗ್ಗದಿದ್ದರೆ ಬಿಎಂಸಿಯನ್ನೇ ರೀಸೆಟ್ ಮಾಡಿ. 'ರ‍್ಯಾಕ್‌ಎಡಿಎಂ ರ‍್ಯಾಕ್‌ರೀಸೆಟ್', ಅಥವಾ 'ಐಪಿಎಂಐಟೂಲ್ ಎಂಸಿ ರೀಸೆಟ್ ಕೋಲ್ಡ್'. ಸರ್ವರ್‌ನ ಓಎಸ್ ಓಡುತ್ತಲೇ ಇರುತ್ತದೆ. ಬಿಎಂಸಿ ಮಾತ್ರ ಕೆಲವು ನಿಮಿಷ ಸಿಗುವುದಿಲ್ಲ, ಮೌಂಟ್ ಆಗಿದ್ದ ಇಮೇಜ್‌ಗಳೆಲ್ಲ ಬಿದ್ದುಹೋಗುತ್ತವೆ. ಹಂಚಿಕೊಂಡ ಪೋರ್ಟ್ ಆದರೆ ನೆಟ್‌ವರ್ಕ್ ಕೂಡ ಒಂದು ಕ್ಷಣ ತಡವರಿಸಬಹುದು, ಹಾಗಾಗಿ ಹಗಲು ಹೊತ್ತಿನಲ್ಲಿ ಕೇಳಿ ಮಾಡಿ. ರೀಸೆಟ್ ಮಾಡುವ ಮೊದಲು 'ರ‍್ಯಾಕ್‌ಎಡಿಎಂ ಎಲ್‌ಸಿಲಾಗ್ ವ್ಯೂ' ಕೊಟ್ಟು ಲಾಗನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ. ಬಿಎಂಸಿ ಮೇಲೆದ್ದ ಮೇಲೆ ಟಿಸಿಪಿಡಂಪ್ ಕಿಟಕಿ ತೆರೆದಿಟ್ಟು, ಕನೆಕ್ಟ್ ಕಮಾಂಡನ್ನು ಒಂದು ಸಲ ಕೊಡಿ, ಮೊದಲ ಪ್ಯಾಕೆಟ್ ಬರುತ್ತದಾ ನೋಡಿ.